55.6 ಸೆಕೆಂಡುಗಳ ಬೆನ್ನು ಹತ್ತಿ

ನನ್ನ ಸಂಶೋಧನೆಯ ಮುಖ್ಯ ಉಪಕರಣವನ್ನು ಮೊದಲ ಸಲ ನೋಡಿದವರಿಗೆ ಅದೊಂದು ಸೂಕ್ಷ್ಮ ಯಂತ್ರವೆಂದು ನಂಬಿಕೆ ಬರುವುದು ಕಷ್ಟ. ಅಡುಗೆಮನೆಯಲ್ಲಿ ತರಕಾರಿ ಹೆಚ್ಚಲು ಬಳಸುವ ಬಿಳಿ ಪ್ಲಾಸ್ಟಿಕ್ ಮಣೆಯಂಥ ದಪ್ಪ ಪಾಲಿಥೀನ್ ಹಲಗೆಗಳನ್ನು ಒತ್ತೊತ್ತಾಗಿ ಜೋಡಿಸಿ ಬಿಗಿದ ಒಂದು ದೊಡ್ಡ ದಿಮ್ಮಿ. ಅದರ ನಡುವೆ ಕೈ ತೂರುವಷ್ಟು ಅಗಲದ ರಂಧ್ರ. ರಂಧ್ರದ ಸುತ್ತ ಎರಡು ವೃತ್ತಗಳಲ್ಲಿ, ಒಳಗೆ ಎಂಟು ಹೊರಗೆ ಹನ್ನೆರಡರಂತೆ, ಕೊರೆದ ಇಪ್ಪತ್ತು ತೂತುಗಳು. ಪ್ರತಿಯೊಂದರಲ್ಲಿಯೂ ಒಂದು ಅಂಗುಲ ದಪ್ಪದ ಉಕ್ಕಿನ ನಳಿಕೆ. ನಳಿಕೆಯೊಳಗೆ ಹಲವು ಪಟ್ಟು ವಾಯುಭಾರದ ಒತ್ತಡದಲ್ಲಿ ತುಂಬಿದ ಹೀಲಿಯಂ-3 ಅನಿಲವಿದೆ. ಯುರೋಪಿನ ಉತ್ತರ ಭಾಗದ ಒಂದು ವಿಶ್ವವಿದ್ಯಾಲಯದ ವೇಗವರ್ಧಕ ಪ್ರಯೋಗಾಲಯದಲ್ಲಿ, ಈ ದಿಮ್ಮಿಯ ನಡುವಿಗೆ ಬ್ರೋಮಿನ್-87ರ ಪರಮಾಣುಗಳನ್ನು ತಂದು ನಿಲ್ಲಿಸಿ, ಅವು ಕ್ಷಯಿಸುವಾಗ ನೂರಕ್ಕೆ ಎಷ್ಟು ಸಲ ನ್ಯೂಟ್ರಾನ್ ಹೊರಬರುತ್ತದೆ ಎಂದು ಎಣಿಸುವುದು ನನಗೆ ವಹಿಸಿದ ಕೆಲಸವಾಗಿತ್ತು.

ಈ ವಿಷಯವನ್ನು ನಾನು ಆರಿಸಿಕೊಂಡದ್ದಕ್ಕೆ ಮನೆಯಲ್ಲೇ ಒಂದು ಕಾರಣವಿತ್ತು. ನನ್ನ ಅಪ್ಪ ಕಾಳಿ ನದಿಯ ದಡದ ಕೈಗಾ ಅಣು ವಿದ್ಯುತ್ ಸ್ಥಾವರದ ನಿಯಂತ್ರಣ ಕೊಠಡಿಯಲ್ಲಿ ಪಾಳಿಯ ಮೇಲೆ ದುಡಿದವರು. ಅಲ್ಲಿನ ಮೊದಲನೆಯ ಘಟಕ 2018ರ ಡಿಸೆಂಬರ್ 31ರಂದು 962 ದಿನಗಳ ನಿರಂತರ ಓಟ ಮುಗಿಸಿ ವಿಶ್ವದಾಖಲೆ ಬರೆದಾಗ ಅವರು ನಿವೃತ್ತರಾಗಿದ್ದರೂ, ಮನೆಗೆ ಬಂದವರಿಗೆಲ್ಲ ಆ ಸುದ್ದಿಯನ್ನು ಸ್ವಂತ ಮಗುವಿನ ಫಲಿತಾಂಶದಂತೆ ಹೇಳಿಕೊಂಡಿದ್ದರು. ರಿಯಾಕ್ಟರ್ ಒಂದೇ ಸಮನೆ ನಡೆಯಬೇಕಾದರೆ ಅದರಲ್ಲಿನ ಸರಪಳಿ ಕ್ರಿಯೆ ಮನುಷ್ಯರ ಮತ್ತು ಯಂತ್ರಗಳ ಹಿಡಿತಕ್ಕೆ ಸಿಗುವಷ್ಟು ನಿಧಾನವಾಗಿ ಬದಲಾಗಬೇಕು. ಆ ನಿಧಾನವನ್ನು ಕೊಡುವವು ತಡವಾಗಿ ಬರುವ ನ್ಯೂಟ್ರಾನ್‌ಗಳು. ಯುರೇನಿಯಂ-235 ಒಡೆದಾಗ ಹುಟ್ಟುವ ನ್ಯೂಟ್ರಾನ್‌ಗಳಲ್ಲಿ ಬಹುಪಾಲು ಆ ಕ್ಷಣದಲ್ಲಿಯೇ ಹೊರಬಿದ್ದಿರುತ್ತವೆ. ಸಾವಿರಕ್ಕೆ ಆರೂವರೆಯಷ್ಟು ಮಾತ್ರ, ವಿದಳನದ ಚೂರುಗಳು ಬೀಟಾ ಕಣ, ಅಂದರೆ ವೇಗದ ಎಲೆಕ್ಟ್ರಾನ್, ಹೊರಸೂಸಿ ಕ್ಷಯಿಸುವ ತನಕ ಕಾದು, ಸೆಕೆಂಡುಗಳ ಲೆಕ್ಕದಲ್ಲಿ ತಡವಾಗಿ ಬರುತ್ತವೆ. ಈ ಸಣ್ಣ ಪಾಲು ಇಲ್ಲದೇ ಹೋಗಿದ್ದರೆ ಕೈಗಾ ಆಗಲಿ ಜಗತ್ತಿನ ಮತ್ತಾವ ರಿಯಾಕ್ಟರ್ ಆಗಲಿ ಇಂದಿನ ರೀತಿಯಲ್ಲಿ ನಡೆಯುತ್ತಿರಲಿಲ್ಲ. 1939ರಲ್ಲಿ, ವಿದಳನದ ಸುದ್ದಿ ಹೊರಬಂದ ಕೆಲವೇ ವಾರಗಳಲ್ಲಿ, ವಾಷಿಂಗ್ಟನ್ನಿನ ಕಾರ್ನೆಗಿ ಸಂಸ್ಥೆಯಲ್ಲಿ ರಿಚರ್ಡ್ ರಾಬರ್ಟ್ಸ್ ಮತ್ತು ಅವರ ಸಹೋದ್ಯೋಗಿಗಳು ಯುರೇನಿಯಂ ಮೇಲಿನ ತಾಡನವನ್ನು ನಿಲ್ಲಿಸಿದ ಬಳಿಕವೂ ನ್ಯೂಟ್ರಾನ್‌ಗಳು ಬರುತ್ತಲೇ ಇರುವುದನ್ನು ಕಂಡರು. ಅಪ್ಪನ ವೃತ್ತಿ ನಿಂತದ್ದು ಆ ಗಮನಿಕೆಯ ಮೇಲೆ ಎಂದು ನನಗೆ ಅನಿಸುತ್ತದೆ.

ಈ ತಡವಾದ ನ್ಯೂಟ್ರಾನ್‌ಗಳ ಪೈಕಿ ಎಲ್ಲಕ್ಕಿಂತ ಹಿಂದೆ ಉಳಿಯುವುದು ಬ್ರೋಮಿನ್-87ರದು. ಇದರ ಅರ್ಧಾಯು, ಅಂದರೆ ಇದ್ದ ಪರಮಾಣುಗಳಲ್ಲಿ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಸಮಯ, 55.6 ಸೆಕೆಂಡು. ಅದು ಬೀಟಾ ಕ್ಷಯದಿಂದ ಕ್ರಿಪ್ಟಾನ್-87 ಆಗುತ್ತದೆ. ಕ್ರಿಪ್ಟಾನ್-87ರಲ್ಲಿ 51 ನ್ಯೂಟ್ರಾನ್‌ಗಳಿವೆ. ನ್ಯೂಕ್ಲಿಯಸ್‌ಗಳ ಲೋಕದಲ್ಲಿ 50 ಎಂಬುದು ತುಂಬಿದ ಮನೆ, ಆದ್ದರಿಂದ ಐವತ್ತೊಂದನೆಯದು ಸಡಿಲವಾಗಿ ಅಂಟಿಕೊಂಡಿರುತ್ತದೆ. ಅದನ್ನು ಕಿತ್ತು ಹೊರಹಾಕಲು ಸುಮಾರು 5.5 ಮಿಲಿಯನ್ ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಸಾಕು, ಮತ್ತು ಬ್ರೋಮಿನ್‌ನ ಕ್ಷಯದಲ್ಲಿ ಒಟ್ಟು ಸುಮಾರು 6.8 ಮಿಲಿಯನ್ ಎಲೆಕ್ಟ್ರಾನ್‌ವೋಲ್ಟ್ ಲಭ್ಯವಿದೆ. ಹೀಗಾಗಿ ಕೆಲವು ಸಲ ಕ್ರಿಪ್ಟಾನ್ ಹುಟ್ಟುವಾಗಲೇ ಆ ಗಡಿಗಿಂತ ಮೇಲಿನ ಮಟ್ಟದಲ್ಲಿ ಹುಟ್ಟುತ್ತದೆ, ಮತ್ತು ನ್ಯೂಟ್ರಾನ್ ಒಡನೆಯೇ ಹಾರಿಹೋಗಿ ಕ್ರಿಪ್ಟಾನ್-86 ಉಳಿಯುತ್ತದೆ. ನೂರು ಕ್ಷಯಗಳಲ್ಲಿ ಹೀಗಾಗುವುದು ಎರಡೂವರೆ ಸಲದಷ್ಟು ಮಾತ್ರ. ವಿಳಂಬವೆಲ್ಲ ಬ್ರೋಮಿನ್‌ನದು, ನ್ಯೂಟ್ರಾನ್‌ನದಲ್ಲ ಎಂಬುದನ್ನು ನೆನಪಿಡಬೇಕು. ನನ್ನ ಮಾಪನದ ಕೊನೆಯ ತೊಡಕು ಹುಟ್ಟಿದ್ದು ಆ 5.5 ಮತ್ತು 6.8ರ ನಡುವಿನ ಕಿರಿದಾದ ಸಂದಿನಲ್ಲಿ.

ನ್ಯೂಟ್ರಾನ್‌ಗೆ ವಿದ್ಯುದಂಶವಿಲ್ಲ. ಅದು ವಸ್ತುವಿನ ಮೂಲಕ ಹಾದುಹೋದಾಗ ಗೆರೆ ಎಳೆಯುವುದಿಲ್ಲ, ಕಿಡಿ ಹೊತ್ತಿಸುವುದಿಲ್ಲ. ಬೇರೆ ಯಾವುದಾದರೂ ನ್ಯೂಕ್ಲಿಯಸ್‌ಗೆ ತಾಗಿ ಅದನ್ನು ಮಾತಾಡಿಸಿದಾಗ ಮಾತ್ರ ನಮಗೆ ತಿಳಿಯುತ್ತದೆ. ಹೀಲಿಯಂ-3 ನಿಧಾನವಾದ ನ್ಯೂಟ್ರಾನ್ ಅನ್ನು ಬಹಳ ಆಸೆಯಿಂದ ನುಂಗುತ್ತದೆ ಮತ್ತು ನುಂಗಿದೊಡನೆ ಪ್ರೋಟಾನ್ ಮತ್ತು ಟ್ರೈಟಾನ್ ಎಂಬ ಎರಡು ಚೂರುಗಳಾಗಿ ಒಡೆಯುತ್ತದೆ. ಆಗ ಬಿಡುಗಡೆಯಾಗುವ ಶಕ್ತಿ 764 ಕಿಲೋ ಎಲೆಕ್ಟ್ರಾನ್‌ವೋಲ್ಟ್. ಅದರಲ್ಲಿ 573 ಪ್ರೋಟಾನ್‌ನ ಪಾಲು, 191 ಟ್ರೈಟಾನ್‌ನ ಪಾಲು. ಈ ಚೂರುಗಳಿಗೆ ವಿದ್ಯುದಂಶವಿರುವುದರಿಂದ ಅನಿಲದಲ್ಲಿ ಸಾಗಿದಷ್ಟು ದೂರವೂ ಎಲೆಕ್ಟ್ರಾನ್‌ಗಳನ್ನು ಕೆದರುತ್ತವೆ. ನಳಿಕೆಯ ನಡುವಿನ ತಂತಿಗೆ ಕೊಟ್ಟ ಸಾವಿರಕ್ಕೂ ಮಿಕ್ಕ ವೋಲ್ಟ್ ಅವುಗಳನ್ನು ಸೆಳೆದು ಒಂದು ಮಿಡಿತವಾಗಿಸುತ್ತದೆ. ಪಾಲಿಥೀನ್ ಇರುವುದು ನ್ಯೂಟ್ರಾನ್ ಅನ್ನು ನಿಧಾನಗೊಳಿಸಲು. ಅದರಲ್ಲಿ ತುಂಬಿರುವ ಹೈಡ್ರೋಜನ್‌ಗೆ ಮತ್ತೆ ಮತ್ತೆ ಢಿಕ್ಕಿ ಹೊಡೆದು, ಇಪ್ಪತ್ತರ ಆಸುಪಾಸಿನ ಢಿಕ್ಕಿಗಳಲ್ಲಿ ನ್ಯೂಟ್ರಾನ್ ತನ್ನ ವೇಗವನ್ನೆಲ್ಲ ಕಳೆದುಕೊಂಡು, ಅಲ್ಲಿ ಇಲ್ಲಿ ಅಲೆದು, ಕೊನೆಗೆ ಯಾವುದೋ ಒಂದು ನಳಿಕೆಯನ್ನು ಸೇರುತ್ತದೆ.

ಆದರೆ ಈ ಉಪಾಯಕ್ಕೆ ಒಂದು ಬೆಲೆ ತೆರಬೇಕು. ನಳಿಕೆಗೆ ಬರುವ ಹೊತ್ತಿಗೆ ನ್ಯೂಟ್ರಾನ್‌ಗೆ ತಾನು ಎಷ್ಟು ವೇಗವಾಗಿ ಹೊರಟೆ, ಎಲ್ಲಿಂದ ಹೊರಟೆ ಎಂಬುದರ ಗುರುತೇ ಉಳಿದಿರುವುದಿಲ್ಲ. ಬ್ರೋಮಿನ್‌ನಿಂದ ಬಂದದ್ದೂ ಆಕಾಶದಿಂದ ಬಂದದ್ದೂ ಅದೇ 764ರ ಮಿಡಿತವನ್ನು ಕೊಡುತ್ತವೆ. ಆದ್ದರಿಂದ ನನ್ನ ಕೆಲಸದ ದೊಡ್ಡ ಪಾಲು ನ್ಯೂಟ್ರಾನ್‌ಗಳನ್ನು ಹಿಡಿಯುವುದಾಗಿರದೆ, ಹಿಡಿದದ್ದು ನ್ಯೂಟ್ರಾನ್ ಹೌದೇ, ಹೌದಾದರೆ ಅದು ನನ್ನದೇ ಎಂದು ಸಾಬೀತುಪಡಿಸುವುದಾಗಿತ್ತು.

ಮೊದಲನೆಯ ಪ್ರಶ್ನೆಗೆ ಉತ್ತರ ಮಿಡಿತಗಳ ಎತ್ತರದ ಹಂಚಿಕೆಯಲ್ಲೇ ಇರುತ್ತದೆ. ಸರಿಯಾಗಿ ನಡೆಯುವ ಹೀಲಿಯಂ-3 ನಳಿಕೆಯ ಚಿತ್ರ ಒಮ್ಮೆ ಕಣ್ಣಿಗೆ ಬಿದ್ದರೆ ಮರೆಯುವಂಥದ್ದಲ್ಲ. ಬಲಗಡೆ 764ರಲ್ಲಿ ಚೂಪಾದ ಶಿಖರ. ಎಡಕ್ಕೆ ಬರುತ್ತಾ 573ರಲ್ಲಿ ಒಂದು ಮೆಟ್ಟಿಲು, 191ರಲ್ಲಿ ಇನ್ನೊಂದು ಮೆಟ್ಟಿಲು. ನ್ಯೂಟ್ರಾನ್ ನಳಿಕೆಯ ಗೋಡೆಯ ಹತ್ತಿರ ನುಂಗಲ್ಪಟ್ಟಾಗ ಎರಡು ಚೂರುಗಳಲ್ಲಿ ಒಂದು ಗೋಡೆಗೆ ಬಡಿದು ತನ್ನ ಶಕ್ತಿಯನ್ನು ಅಲ್ಲಿಯೇ ಕಳೆದುಕೊಳ್ಳುತ್ತದೆ, ಆ ನಷ್ಟವೇ ಈ ಮೆಟ್ಟಿಲುಗಳು. 191ಕ್ಕಿಂತ ಕೆಳಗೆ ಒಂದು ಕಣಿವೆ, ಅದರಾಚೆ ಗಾಮಾ ಕಿರಣಗಳ ಮತ್ತು ವಿದ್ಯುನ್ಮಾನ ಗದ್ದಲದ ಇಳಿಜಾರು. ಇಪ್ಪತ್ತು ನಳಿಕೆಗಳನ್ನೂ ಹೀಗೆ ಒಂದೊಂದಾಗಿ ನೋಡುತ್ತ ಹೋದಾಗ ಹನ್ನೊಂದನೆಯದರಲ್ಲಿ ಕಣಿವೆ ಕಾಣಲಿಲ್ಲ. ಎಣಿಕೆ ಮಾತ್ರ ಉಳಿದವುಗಳಿಗಿಂತ ಚೆನ್ನಾಗಿಯೇ ಬರುತ್ತಿತ್ತು. ಬರೀ ಎಣಿಕೆಯನ್ನು ನೋಡಿದ್ದರೆ ಅದೇ ಉತ್ತಮ ನಳಿಕೆ ಎಂದುಕೊಳ್ಳುತ್ತಿದ್ದೆ. ಬಿಚ್ಚಿ ನೋಡಿದರೆ, ತಂತಿಗೆ ವೋಲ್ಟ್ ಕೊಡುವ ಜೋಡಣೆಯ ಬಿಳಿ ನಿರೋಧಕದ ಮೇಲೆ ಬೆರಳಿನ ಜಿಡ್ಡಿಗೆ ತೇವ ಹಿಡಿದು, ಸಣ್ಣ ಸಣ್ಣ ಸೋರಿಕೆಗಳೇ ಮಿಡಿತಗಳಂತೆ ನಟಿಸುತ್ತಿದ್ದವು. ಆಲ್ಕೋಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣವನ್ನು ಪಕ್ಕದಲ್ಲಿಟ್ಟು ಮುಚ್ಚಿದ ಮೇಲೆ ಕಣಿವೆ ಮರಳಿತು. ಅಂದಿನಿಂದ ಕೈಗವಸಿಲ್ಲದೆ ಆ ಜೋಡಣೆಯನ್ನು ನಾನು ಮುಟ್ಟಿದ್ದಿಲ್ಲ.

ಒಂದು ವಿಚಾರ ಇಲ್ಲಿಯೇ ಹೇಳಿಬಿಡುತ್ತೇನೆ. ಈ ನಳಿಕೆಗಳಲ್ಲಿರುವ ಹೀಲಿಯಂ-3 ಗಾಳಿಯಿಂದ ಹಿಡಿದು ತಂದದ್ದಲ್ಲ, 12.3 ವರ್ಷ ಅರ್ಧಾಯುವಿನ ಟ್ರಿಟಿಯಂ ಎಂಬ ಭಾರವಾದ ಹೈಡ್ರೋಜನ್ ಕ್ಷಯಿಸಿ ಉಂಟಾದದ್ದು. ಕ್ಷಯದ ನ್ಯೂಟ್ರಾನ್‌ಗಳನ್ನು ಹಿಡಿಯುವ ಬಲೆಯೂ ಇನ್ನೊಂದು ಕ್ಷಯದ ಕೂಸು. ಇದರ ಪೂರೈಕೆ ಸೀಮಿತ, ಬೆಲೆ ವಿಪರೀತ, ಆದ್ದರಿಂದ ಪ್ರಯೋಗಾಲಯಗಳು ನಳಿಕೆಗಳನ್ನು ಒಂದಕ್ಕೊಂದು ಎರವಲು ಕೊಡುತ್ತವೆ. ಜಪಾನಿನ ರಿಕೆನ್ ಸಂಸ್ಥೆಯಲ್ಲಿ ಬ್ರಿಕೆನ್ ಎಂಬ ಹೆಸರಿನಲ್ಲಿ 140 ನಳಿಕೆಗಳ ಬೃಹತ್ ವ್ಯವಸ್ಥೆ ನಿಂತದ್ದು ಹಲವು ದೇಶಗಳ ಗುಂಪುಗಳು ತಮ್ಮ ತಮ್ಮ ನಳಿಕೆಗಳನ್ನು ಒಟ್ಟುಗೂಡಿಸಿದ್ದರಿಂದ.

ಮುಂದಿನದು ದಕ್ಷತೆಯ ಲೆಕ್ಕ: ನಡುವೆ ನೂರು ನ್ಯೂಟ್ರಾನ್‌ಗಳು ಹುಟ್ಟಿದರೆ ಎಷ್ಟು ನಮ್ಮ ಎಣಿಕೆಗೆ ಸಿಗುತ್ತವೆ? ಇದಕ್ಕೆ ಬಳಸಿದ್ದು ಕ್ಯಾಲಿಫೋರ್ನಿಯಂ-252. ಅದರ ಅರ್ಧಾಯು ಸುಮಾರು 2.65 ವರ್ಷ, ನೂರು ಕ್ಷಯಗಳಲ್ಲಿ ಮೂರಕ್ಕಿಂತ ತುಸು ಹೆಚ್ಚು ಸಲ ಅದು ತಾನಾಗಿಯೇ ಒಡೆದು, ಒಡೆದಾಗಲೆಲ್ಲ ಸರಾಸರಿ 3.76 ನ್ಯೂಟ್ರಾನ್‌ಗಳನ್ನು ಕೊಡುತ್ತದೆ. ಒಂದು ಮೈಕ್ರೋಗ್ರಾಂ ಸೆಕೆಂಡಿಗೆ ಇಪ್ಪತ್ಮೂರು ಲಕ್ಷ ನ್ಯೂಟ್ರಾನ್‌ಗಳನ್ನು ಸೂಸುವುದರಿಂದ ನಮಗೆ ಬೇಕಾದದ್ದು ಅದರ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ವಿಕಿರಣ ಸುರಕ್ಷತಾ ಅಧಿಕಾರಿಯ ಎದುರಿನಲ್ಲಿ, ಉದ್ದನೆಯ ಇಕ್ಕಳದಿಂದ ಆ ಪುಟ್ಟ ಕೋಶವನ್ನು ಎತ್ತಿ ರಂಧ್ರದ ಒಳಗೆ ಇಳಿಸುವಾಗ ನನ್ನ ಉಸಿರು ಬಿಗಿಹಿಡಿದಿತ್ತು. ಬಂದ ದಕ್ಷತೆ ನೂರಕ್ಕೆ ನಲವತ್ತರ ಆಸುಪಾಸು. ಆದರೆ ಕ್ಯಾಲಿಫೋರ್ನಿಯಂನ ನ್ಯೂಟ್ರಾನ್‌ಗಳು ಸರಾಸರಿ ಎರಡು ಮಿಲಿಯನ್ ಎಲೆಕ್ಟ್ರಾನ್‌ವೋಲ್ಟ್‌ಗಿಂತ ಹೆಚ್ಚು ಶಕ್ತಿಯವು. ಬ್ರೋಮಿನ್‌ನವು ಕೆಲವು ನೂರು ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನವು. ಚುರುಕಾದವು ಹೊರಗಿನ ವೃತ್ತದ ತನಕ ಹೋಗುತ್ತವೆ, ಮಂದವಾದವು ಒಳವೃತ್ತದಲ್ಲಿಯೇ ಹೆಚ್ಚಾಗಿ ಸಿಗುತ್ತವೆ. ಆದ್ದರಿಂದ ಒಂದರ ದಕ್ಷತೆಯನ್ನು ಇನ್ನೊಂದಕ್ಕೆ ಹಾಗೆಯೇ ಹಚ್ಚುವಂತಿಲ್ಲ. ಇಡೀ ದಿಮ್ಮಿಯನ್ನು ಗಣಕದಲ್ಲಿ ಕಟ್ಟಿ, ಬೇರೆ ಬೇರೆ ಶಕ್ತಿಯ ಲಕ್ಷಾಂತರ ನ್ಯೂಟ್ರಾನ್‌ಗಳನ್ನು ಅದರೊಳಗೆ ಅಲೆಯಬಿಟ್ಟು, ಕ್ಯಾಲಿಫೋರ್ನಿಯಂನ ಅಂಕಿ ತಾಳೆಯಾದ ಮೇಲಷ್ಟೇ ಉಳಿದದ್ದನ್ನು ನಂಬಬೇಕು. ಈ ತಾಳೆಗೆ ಒಂದೂವರೆ ತಿಂಗಳು ಹಿಡಿಯಿತು.

ನನಗೆ ಹೆಚ್ಚು ಕಲಿಸಿದ ಘಟನೆ ನಡೆದದ್ದು ಹಿನ್ನೆಲೆಯ ಮಾಪನದಲ್ಲಿ. ಯಾವ ಆಕರವೂ ಇಲ್ಲದ ಸುಮ್ಮನಿರುವ ದಿಮ್ಮಿಯಲ್ಲಿಯೂ ಎಣಿಕೆ ನಿಲ್ಲುವುದಿಲ್ಲ. ವಿಶ್ವಕಿರಣಗಳು ವಾಯುಮಂಡಲದಲ್ಲಿ ಹುಟ್ಟಿಸಿದ ನ್ಯೂಟ್ರಾನ್‌ಗಳು ಸದಾ ಸುರಿಯುತ್ತಿರುತ್ತವೆ. ಗಾಳಿಯ ಒತ್ತಡ ಇಳಿದರೆ ಅವು ಹೆಚ್ಚುತ್ತವೆ, ಏರಿದರೆ ಕಡಿಮೆಯಾಗುತ್ತವೆ. ಹೊರಗೆ ಬೋರಾನ್ ಬೆರೆಸಿದ ಪಾಲಿಥೀನ್ ಹೊದಿಕೆ ಹಾಕಿ ಅದನ್ನು ಸೆಕೆಂಡಿಗೆ ಒಂದಕ್ಕಿಂತ ಕೆಳಗೆ ತಂದಿದ್ದೆವು. ಇದೇ ಹೊತ್ತಿಗೆ, ಕ್ಷಯದ ಗಾಮಾ ಕಿರಣಗಳನ್ನು ಗುರುತಿಸಲು ಪಕ್ಕದಲ್ಲಿ ಇಟ್ಟಿದ್ದ ಜರ್ಮೇನಿಯಂ ಡಿಟೆಕ್ಟರ್‌ಗೆ ಕೊಠಡಿಯ ಗಾಮಾ ಕಿರಣಗಳು ಉಪದ್ರವ ಕೊಡುತ್ತಿವೆ ಎಂದು, ಯಾರನ್ನೂ ಕೇಳದೆ, ನಾನು ಅದರ ಸುತ್ತ ಸೀಸದ ಇಟ್ಟಿಗೆಗಳ ಗೋಡೆ ಕಟ್ಟಿದೆ. ಒಂದೊಂದು ಇಟ್ಟಿಗೆ ಹನ್ನೊಂದು ಕಿಲೋಗೂ ಮಿಕ್ಕ ತೂಕ. ಸುಮಾರು ನಲವತ್ತು ಇಟ್ಟಿಗೆಗಳನ್ನು ಹೊತ್ತು ಸೊಂಟ ಹಿಡಿದುಹೋಗಿತ್ತು. ಗಾಮಾ ಕಿರಣಗಳು ತಗ್ಗಿದವು, ಸಮಾಧಾನವಾಯಿತು. ಮರುದಿನ ನೋಡಿದರೆ ನ್ಯೂಟ್ರಾನ್‌ಗಳ ಹಿನ್ನೆಲೆ ಏರಿತ್ತು.

ಹವಾಮಾನವೇ ಕಾರಣವಿರಬೇಕೆಂದು ಒತ್ತಡದ ದಾಖಲೆಯನ್ನು ತೆಗೆದು ನೋಡಿದೆ, ಅದು ಕದಲಿರಲಿಲ್ಲ. ಯಾವುದೋ ನಳಿಕೆ ಮತ್ತೆ ಸೋರುತ್ತಿದೆಯೇ ಎಂದು ಇಪ್ಪತ್ತೂ ಚಿತ್ರಗಳನ್ನು ತಿರುಗಿ ನೋಡಿದೆ. ಎಲ್ಲದರಲ್ಲಿಯೂ ಶಿಖರ, ಮೆಟ್ಟಿಲು, ಕಣಿವೆ ಸ್ವಚ್ಛವಾಗಿದ್ದವು. ಅಂದರೆ ಹೆಚ್ಚುವರಿಯಾಗಿ ಬರುತ್ತಿದ್ದವು ನಿಜವಾದ ನ್ಯೂಟ್ರಾನ್‌ಗಳೇ. ಕೊನೆಗೆ ಒಂದು ಮಿಡಿತಕ್ಕೂ ಮುಂದಿನ ಮಿಡಿತಕ್ಕೂ ನಡುವಿನ ಸಮಯವನ್ನು ಚಿತ್ರಿಸಿದಾಗ ವಿಷಯ ಹೊರಬಿತ್ತು. ಒಂದಕ್ಕೊಂದು ಸಂಬಂಧವಿಲ್ಲದ ನ್ಯೂಟ್ರಾನ್‌ಗಳಾದರೆ ಕೆಲವು ನೂರು ಮೈಕ್ರೋಸೆಕೆಂಡುಗಳೊಳಗೆ ಎರಡು ಬರುವುದು ಅಪರೂಪ. ಇಲ್ಲಿ ಎರಡು, ಮೂರು, ಒಮ್ಮೆ ಏಳು ಮಿಡಿತಗಳು ಗೊಂಚಲಾಗಿ ಬಂದಿದ್ದವು. ನನ್ನ ಮಾರ್ಗದರ್ಶಕಿ ಆ ಚಿತ್ರವನ್ನು ನೋಡಿದೊಡನೆ ಕೇಳಿದ್ದು ಒಂದೇ ಪ್ರಶ್ನೆ: ನಿನ್ನೆ ಇಲ್ಲಿಗೆ ಸೀಸ ತಂದವರು ಯಾರು? ಶಕ್ತಿಯುತ ವಿಶ್ವಕಿರಣವೊಂದು ಸೀಸದಂಥ ಭಾರವಾದ ನ್ಯೂಕ್ಲಿಯಸ್‌ಗೆ ಅಪ್ಪಳಿಸಿದರೆ ಅದರಿಂದ ನ್ಯೂಟ್ರಾನ್‌ಗಳು ಗುಂಪಾಗಿ ಸಿಡಿಯುತ್ತವೆ. ವಿಶ್ವಕಿರಣಗಳನ್ನು ಅಳೆಯುವ ನಿಲ್ದಾಣಗಳು ಇದೇ ಕಾರಣಕ್ಕೆ ತಮ್ಮ ನಳಿಕೆಗಳ ಸುತ್ತ ಬೇಕೆಂದೇ ಸೀಸವನ್ನು ಇಡುತ್ತವೆ. ಒಂದು ವಿಕಿರಣಕ್ಕೆ ತಡೆಯೆಂದು ಕಟ್ಟಿದ ಗೋಡೆಯೇ ಇನ್ನೊಂದಕ್ಕೆ ಆಕರವಾಗಿತ್ತು. ಅಷ್ಟೂ ಇಟ್ಟಿಗೆಗಳನ್ನು ಇಳಿಸಿ ಹೊರಗೆ ಸಾಗಿಸಿದೆ, ಹಿನ್ನೆಲೆ ಮೊದಲಿನ ಮಟ್ಟಕ್ಕೆ ಬಂತು. ಆಮೇಲೆ ದಾಖಲೆ ಪುಸ್ತಕದಲ್ಲಿ, ಕೊಠಡಿಗೆ ಏನೇ ತಂದರೂ ಏನೇ ಒಯ್ದರೂ ಸಮಯ ಸಹಿತ ಬರೆಯುವ ಒಂದು ಕಲಮನ್ನು ನಾನೇ ಗೆರೆ ಹಾಕಿ ಸೇರಿಸಿದೆ.

ಪ್ರಯೋಗಕ್ಕೆ ಸಿಕ್ಕಿದ್ದು ಐದು ದಿನಗಳ ಕಿರಣಪುಂಜ. ತೆಳ್ಳನೆಯ ಯುರೇನಿಯಂ ಹಾಳೆಗೆ ಪ್ರೋಟಾನ್‌ಗಳನ್ನು ಹಾಯಿಸಿ, ಹೊರಬಂದ ವಿದಳನದ ಚೂರುಗಳಲ್ಲಿ 87ರ ದ್ರವ್ಯರಾಶಿಯವನ್ನು ಕಾಂತದಿಂದ ಬೇರ್ಪಡಿಸಿ, ಅವುಗಳಲ್ಲಿಯೂ ಸೆಲೆನಿಯಂ, ಕ್ರಿಪ್ಟಾನ್‌ಗಳನ್ನು ತೊರೆದು ಬ್ರೋಮಿನ್ ಒಂದನ್ನೇ ಪೆನ್ನಿಂಗ್ ಟ್ರ್ಯಾಪ್ ಎಂಬ ಕಾಂತ-ವಿದ್ಯುತ್ ಬೋನಿನಲ್ಲಿ ಸೋಸಿ, ದಿಮ್ಮಿಯ ನಡುವಿನ ಟೇಪಿನ ಮೇಲೆ ಊರುತ್ತಿದ್ದರು. ಐದು ನಿಮಿಷ ಊರುವುದು, ಹತ್ತು ನಿಮಿಷ ನಿಲ್ಲಿಸಿ ಕ್ಷಯವನ್ನು ನೋಡುವುದು, ಬಳಿಕ ಟೇಪನ್ನು ಮುಂದಕ್ಕೆ ಎಳೆದು 76 ನಿಮಿಷ ಅರ್ಧಾಯುವಿನ ಕ್ರಿಪ್ಟಾನ್-87 ಅನ್ನು ಕಣ್ಣ ಮುಂದಿನಿಂದ ಸರಿಸುವುದು: ಇದೇ ಆವರ್ತ ಹಗಲೂ ರಾತ್ರಿ ನಡೆಯಿತು. ಟೇಪಿನ ಪಕ್ಕದಲ್ಲಿದ್ದ ತೆಳುವಾದ ಪ್ಲಾಸ್ಟಿಕ್ ಸಿಂಟಿಲೇಟರ್ ಬೀಟಾ ಕಣಗಳನ್ನು ಎಣಿಸುತ್ತಿತ್ತು.

ಎರಡನೆಯ ರಾತ್ರಿಯ ಪಾಳಿ ನನ್ನದಾಗಿತ್ತು. ಪರದೆಯ ಮೇಲೆ ಎಣಿಕೆ ಮೊದಲು ಬೇಗನೆ ಏರಿ, ನಾಲ್ಕನೆಯ ನಿಮಿಷದ ಹೊತ್ತಿಗೆ ಸಮತಟ್ಟಾಗತೊಡಗಿತು. ಹುಟ್ಟಿದಷ್ಟೇ ಬ್ರೋಮಿನ್ ಕ್ಷಯಿಸುತ್ತಿದೆ ಎಂದು ಇದರ ಅರ್ಥ. ಆಗ ಸೆಕೆಂಡಿಗೆ ನಾಲ್ಕೈದು ನ್ಯೂಟ್ರಾನ್‌ಗಳು ದಾಖಲಾಗುತ್ತಿದ್ದವು. ಐದನೆಯ ನಿಮಿಷಕ್ಕೆ ಕಿರಣಪುಂಜ ನಿಂತಿತು. ಯುರೇನಿಯಂ ಹಾಳೆಯಲ್ಲಿ ವಿದಳನ ನಿಂತಿದೆ, ಟ್ರ್ಯಾಪಿನ ಬಾಗಿಲು ಮುಚ್ಚಿದೆ, ಎಲ್ಲಿಂದಲೂ ಹೊಸದಾಗಿ ಏನೂ ಬರುತ್ತಿಲ್ಲ. ಆದರೂ ನ್ಯೂಟ್ರಾನ್‌ಗಳು ಬರುತ್ತಿದ್ದವು. ಒಂದು ನಿಮಿಷಕ್ಕೆ ಅರ್ಧದಷ್ಟು, ಎರಡು ನಿಮಿಷಕ್ಕೆ ಕಾಲುಭಾಗದಷ್ಟು. 1939ರಲ್ಲಿ ರಾಬರ್ಟ್ಸ್ ಅವರ ತಂಡ ಕಂಡದ್ದು ಇದನ್ನೇ ಎಂಬುದು ನೆನಪಾಗಿ, ಕುರ್ಚಿಯಿಂದ ಎದ್ದು ನಿಂತುಕೊಂಡೇ ಉಳಿದ ಎಂಟು ನಿಮಿಷ ನೋಡಿದೆ.

ಅಂಕಿಗಳನ್ನು ಕೂಡಿಸಿ ಭಾಗಿಸುವುದು ಸುಲಭವೆಂದು ತಿಳಿದಿದ್ದೆ. ಒಂದು ಬೀಟಾ ಕಣ ಸಿಕ್ಕ ಮೇಲೆ 500 ಮೈಕ್ರೋಸೆಕೆಂಡುಗಳೊಳಗೆ ಒಂದು ನ್ಯೂಟ್ರಾನ್ ಸಿಕ್ಕರೆ ಅವೆರಡೂ ಒಂದೇ ಕ್ಷಯದವು. ಇಂಥ ಜೋಡಿಗಳನ್ನು ಎಣಿಸಿ, ಆಕಸ್ಮಿಕವಾಗಿ ಜೊತೆಯಾದವನ್ನು ಕಳೆದು, ಒಟ್ಟು ಬೀಟಾಗಳಿಂದ ಭಾಗಿಸಿ, ನ್ಯೂಟ್ರಾನ್‌ಗಳ ದಕ್ಷತೆಯಿಂದ ತಿದ್ದಿದರೆ ಉತ್ತರ ಬರಬೇಕು. ಬೀಟಾಗಳ ದಕ್ಷತೆ ಭಾಗಾಕಾರದ ಗೆರೆಯ ಮೇಲೂ ಕೆಳಗೂ ಇರುವುದರಿಂದ ಹೊಡೆದುಹೋಗುತ್ತದೆ ಎಂದು ನಂಬಿದ್ದೆ. ಬಂದ ಉತ್ತರ ಎರಡೂವರೆಗಿಂತ ಎದ್ದು ಕಾಣುವಷ್ಟು ಕಡಿಮೆಯಿತ್ತು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮೂಲಕ ಹಲವು ದೇಶಗಳ ತಜ್ಞರು ಸೇರಿ ಪರಿಶೀಲಿಸಿದ ಅಂಕಿಗೆ ವಿರುದ್ಧವಾಗಿ ನನ್ನದೊಂದೇ ಸರಿ ಎನ್ನಲು ನನಗೆ ಧೈರ್ಯವಿರಲಿಲ್ಲ. ಹಾಗೆಂದು ಅವರ ಅಂಕಿಗೆ ಹತ್ತಿರವಾಗುವಂತೆ ನನ್ನದನ್ನು ಎಳೆಯುವುದಕ್ಕೂ ಮನಸ್ಸು ಒಪ್ಪಲಿಲ್ಲ.

ತಪ್ಪು ಇದ್ದದ್ದು ಆ ಕಿರಿದಾದ ಸಂದಿನಲ್ಲಿ. ನ್ಯೂಟ್ರಾನ್ ಹೊರಬರಬೇಕಾದರೆ ಕ್ರಿಪ್ಟಾನ್ 5.5 ಮಿಲಿಯನ್ ಎಲೆಕ್ಟ್ರಾನ್‌ವೋಲ್ಟ್‌ಗಿಂತ ಮೇಲೆ ಹುಟ್ಟಿರಬೇಕು, ಆಗ 6.8ರಲ್ಲಿ ಬೀಟಾ ಕಣಕ್ಕೆ ಉಳಿಯುವುದು ಹೆಚ್ಚೆಂದರೆ 1.3, ಅದರಲ್ಲಿಯೂ ಬೀಟಾದ ಜೊತೆಗೇ ಹೊರಡುವ ನ್ಯೂಟ್ರಿನೋ ಕಣಕ್ಕೆ ಪಾಲು ಹೋಗಬೇಕು. ಹೀಗಾಗಿ ನ್ಯೂಟ್ರಾನ್‌ನ ಜೊತೆಗಾರನಾದ ಬೀಟಾ ಸದಾ ಬಡವ. ನಮ್ಮ ಸಿಂಟಿಲೇಟರ್ ಒಂದು ಮಿತಿಗಿಂತ ಕೆಳಗಿನ ಮಿಡಿತಗಳನ್ನು ಗದ್ದಲವೆಂದು ತಳ್ಳಿಹಾಕುತ್ತಿತ್ತು. ಹಾಗೆ ತಳ್ಳಿಹಾಕಿದವುಗಳಲ್ಲಿ ಈ ಬಡ ಬೀಟಾಗಳೇ ಹೆಚ್ಚು. ಮೇಲಿನ ದಕ್ಷತೆಯೂ ಕೆಳಗಿನ ದಕ್ಷತೆಯೂ ಒಂದೇ ಅಲ್ಲ, ಹೊಡೆದುಹೋಗುವುದೂ ಇಲ್ಲ. ಪರಿಹಾರವೂ ದತ್ತಾಂಶದಲ್ಲಿಯೇ ಇತ್ತು. ಬೀಟಾ ಜೊತೆಗಿದ್ದ ನ್ಯೂಟ್ರಾನ್‌ಗಳನ್ನು, ಬೀಟಾ ಸಿಗಲಿ ಬಿಡಲಿ ಎಣಿಕೆಯಾದ ಎಲ್ಲ ನ್ಯೂಟ್ರಾನ್‌ಗಳಿಂದ ಭಾಗಿಸಿದರೆ, ನ್ಯೂಟ್ರಾನ್ ಜೊತೆಗಾರ ಬೀಟಾಗಳ ದಕ್ಷತೆ ನೇರವಾಗಿ ಸಿಗುತ್ತದೆ. ಹಿನ್ನೆಲೆಯನ್ನು ಕಳೆಯಬೇಕಾದ್ದರಿಂದ ಸೀಸವಿಲ್ಲದ ಆ ಶಾಂತ ದಿನಗಳ ದಾಖಲೆ ಇಲ್ಲಿ ಕೈಹಿಡಿಯಿತು. ಎಣಿಕೆಯ ಮಿತಿಯನ್ನು ಐದು ಬೇರೆ ಬೇರೆ ಮಟ್ಟಗಳಲ್ಲಿಟ್ಟು ಮತ್ತೆ ಮತ್ತೆ ಲೆಕ್ಕ ಹಾಕಿದೆ; ಹಳೆಯ ವಿಧಾನದಲ್ಲಿ ಉತ್ತರ ಮಿತಿಯೊಂದಿಗೆ ಜಾರುತ್ತಿತ್ತು, ಹೊಸ ವಿಧಾನದಲ್ಲಿ ಐದೂ ಸಲ ದೋಷಮಿತಿಯೊಳಗೆ ಎರಡೂವರೆಯಲ್ಲಿಯೇ ನಿಂತಿತು. ಬ್ರೋಮಿನ್‌ನ ಹಾಗೆಯೇ ತುಂಬಿದ ಮನೆಯಾಚೆಗೆ ಒಂದೇ ನ್ಯೂಟ್ರಾನ್ ಉಳಿಸುವ ಅಯೋಡಿನ್-137ರ ಮೇಲೆಯೂ ಇದನ್ನೇ ಪ್ರಯೋಗಿಸಿ ನೋಡಿದ ಬಳಿಕವೇ ಮಾರ್ಗದರ್ಶಕಿಯ ಮೇಜಿನ ಮೇಲೆ ಹಾಳೆಯನ್ನು ಇಟ್ಟೆ.

ಆ ವಾರಾಂತ್ಯದಲ್ಲಿ ಅಪ್ಪನಿಗೆ ಫೋನ್ ಮಾಡಿ, ಕಿರಣಪುಂಜ ನಿಂತ ಮೇಲಿನ ಹತ್ತು ನಿಮಿಷಗಳ ಚಿತ್ರವನ್ನು ವಾಟ್ಸಾಪ್‌ನಲ್ಲಿ ಕಳಿಸಿದೆ. ನಮ್ಮ ಕಡೆ ಮಗಳನ್ನು ಕರೆಯುವ ರೀತಿಯಲ್ಲಿ, "ತಂಗೀ, ಇದರ ಅರ್ಧಾಯು ಎಷ್ಟು ಬಂತು?" ಎಂದು ಕೇಳಿದರು. 55.6ರ ಹತ್ತಿರ ಎಂದೆ. ಸ್ವಲ್ಪ ಹೊತ್ತು ಸದ್ದಿಲ್ಲ; ಹಳೆಯ ಕ್ಯಾಲ್ಕುಲೇಟರಿನ ಗುಂಡಿ ಒತ್ತುವ ಸಪ್ಪಳ ಕೇಳಿಸಿತು. "0.693ರಿಂದ ಭಾಗಿಸಿದರೆ ಎಂಬತ್ತು" ಎಂದರು. ಎಣಿಕೆ ಸುಮಾರು ಮೂರನೆಯ ಒಂದು ಪಾಲಿಗೆ ಇಳಿಯಲು ಹಿಡಿಯುವ ಆ ಸಮಯಕ್ಕೆ ಅವರ ಭಾಷೆಯಲ್ಲಿ ಪೀರಿಯಡ್ ಎಂದು ಹೆಸರು. "ತರಬೇತಿಯಲ್ಲಿ ನಮಗೆ ಬಾಯಿಪಾಠ ಮಾಡಿಸಿದ್ದರು. ರಿಯಾಕ್ಟರ್ ಟ್ರಿಪ್ ಆಗಿ ನಿಂತಮೇಲೆ ನೀವು ಏನು ಮಾಡಿದರೂ ಪವರ್ ಎಂಬತ್ತು ಸೆಕೆಂಡಿನ ಪೀರಿಯಡ್‌ಗಿಂತ ಬೇಗ ಇಳಿಯೋದಿಲ್ಲ ಅಂತ. ನಮ್ಮಲ್ಲಿ ಭಾರಜಲ ಇರೋದರಿಂದ ಗಾಮಾ ಕಿರಣ ಅದರಿಂದಲೂ ನ್ಯೂಟ್ರಾನ್ ಎಬ್ಬಿಸಿ ಆಮೇಲಾಮೇಲೆ ಇನ್ನೂ ನಿಧಾನ. ಆ ಎಂಬತ್ತು ಎಲ್ಲಿಂದ ಬಂತು ಅಂತ ನಾವು ಕೇಳಲಿಲ್ಲ, ಅವರು ಹೇಳಲೂ ಇಲ್ಲ." ಬಳಿಕ, ಗೆರೆಯ ತುದಿಯಲ್ಲಿ ಇಳಿಯದೆ ಅಡ್ಡಲಾಗಿ ಹೋಗಿರುವ ಚುಕ್ಕೆಗಳು ಏನೆಂದು ಕೇಳಿದರು. ಅವು ಬ್ರೋಮಿನ್‌ನವಲ್ಲ, ಮೇಲಿನಿಂದ ಬಂದವು ಎಂದೆ. ಅವನ್ನು ಕಳೆದ ಮೇಲೆ ಬಂದದ್ದೇ ಈ 55.6 ಹೌದಲ್ಲ ಎಂದು ಖಚಿತಪಡಿಸಿಕೊಂಡು, ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಮಾಡಿ ಕಳಿಸಲು ಹೇಳಿದರು.